ಚಾಳೀಸಿನಿಂದ ಮುಂದೆ: ಬದಲಾಗುವ ದೃಷ್ಟಿಗೆ ತಕ್ಕ ಕನ್ನಡಕ ಆರಿಸಿ, ಅದಕ್ಕೆ ಒಗ್ಗಿಕೊಳ್ಳುವ ಬಗೆ

ನಲವತ್ತರ ಆಸುಪಾಸಿನಲ್ಲಿ ಹತ್ತಿರದ ಅಕ್ಷರ ಮಸುಕಾಗುವುದನ್ನು ನಮ್ಮ ಹಿರಿಯರು ‘ಚಾಳೀಸು ಬಂತು’ ಎಂದು ಕರೆದರು. ನಲವತ್ತು ಎಂಬ ಅರ್ಥದ ನೆರೆಭಾಷೆಯ ಮಾತು ಕನ್ನಡದಲ್ಲಿ ಆ ತೊಂದರೆಗೂ ಅದಕ್ಕೆಂದು ಹಾಕಿಕೊಳ್ಳುವ ಕನ್ನಡಕಕ್ಕೂ ಹೆಸರಾಗಿದೆ. ಹೆಸರಿನೊಳಗೇ ವಯಸ್ಸು ಅಡಗಿರುವುದರಿಂದ, ಇದು ರೋಗವಲ್ಲ, ಎಲ್ಲರಿಗೂ ಕಾಲಕ್ಕೆ ಸರಿಯಾಗಿ ಬರುವ ಬದಲಾವಣೆ ಎಂಬ ತಿಳಿವಳಿಕೆಯೂ ಅದರಲ್ಲಿದೆ. ಆದರೆ ಚಾಳೀಸು ಒಂದು ಸಲ ಬಂದು ಅಲ್ಲಿಗೇ ನಿಲ್ಲುವುದಿಲ್ಲ. ನಲವತ್ತರಿಂದ ಅರವತ್ತು ದಾಟುವವರೆಗೂ ಅದು ಮೆಲ್ಲಗೆ ಹೆಚ್ಚುತ್ತಲೇ ಇರುತ್ತದೆ. ಆ ಅವಧಿಯಲ್ಲಿ ಹಲವು ಸಲ ಕನ್ನಡಕ ಬದಲಿಸಬೇಕಾಗುತ್ತದೆ, ಪ್ರತಿ ಸಲವೂ ಕಣ್ಣಿನ ಜೊತೆಗೆ ಕತ್ತು ಮತ್ತು ಕಾಲುಗಳೂ ಸ್ವಲ್ಪ ಹೊಸದಾಗಿ ಕಲಿಯಬೇಕಾಗುತ್ತದೆ. ಈ ಕಲಿಕೆಯನ್ನು ಯಾರೂ ವಿವರವಾಗಿ ಹೇಳಿಕೊಡದ ಕಾರಣ, ದುಡ್ಡು ಕೊಟ್ಟು ಮಾಡಿಸಿದ ಎಷ್ಟೋ ಕನ್ನಡಕಗಳು ಡಬ್ಬಿಯಲ್ಲೇ ಉಳಿದುಬಿಡುತ್ತವೆ. ಹದಿಹರೆಯದಿಂದ ದೂರದ್ದು ಕಾಣಲೆಂದು ಮೈನಸ್ ಪವರ್ ಹಾಕಿ, ಆಮೇಲೆ ದೂರಕ್ಕೂ ಓದಲೂ ಒಂದೇ ಕನ್ನಡಕವಾದ ಬೈಫೋಕಲ್ ಮತ್ತು ಪ್ರೋಗ್ರೆಸಿವ್‌ಗಳಿಗೆ ದಾಟಿದ ನನ್ನ ಅನುಭವವನ್ನೂ, ಪೊರೆಯ ಶಸ್ತ್ರಚಿಕಿತ್ಸೆಯ ಸುತ್ತಮುತ್ತ ನನ್ನ ತಾಯಿಯವರ ಕನ್ನಡಕಗಳನ್ನು ನೋಡಿಕೊಂಡ ಅನುಭವವನ್ನೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಕಣ್ಣಿನೊಳಗೆ ಆಗುವುದೇನು

ಕಣ್ಣಪಾಪೆಯ ಹಿಂದೆ ಇರುವ ಸಹಜ ಮಸೂರವು ಎಳೆಯ ವಯಸ್ಸಿನಲ್ಲಿ ಮೆತ್ತಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಿಕೊಳ್ಳುತ್ತದೆ. ಹತ್ತು ವರ್ಷದ ಮಗು ಏಳೆಂಟು ಸೆಂಟಿಮೀಟರ್ ದೂರದ ಅಕ್ಷರವನ್ನೂ ಸ್ಪಷ್ಟವಾಗಿ ನೋಡಬಲ್ಲದು. ವರ್ಷ ಕಳೆದಂತೆ ಮಸೂರ ಗಟ್ಟಿಯಾಗುತ್ತಾ ಹೋಗಿ, ನಲವತ್ತೈದರ ಹೊತ್ತಿಗೆ ಆ ಹತ್ತಿರದ ಎಲ್ಲೆ ಸುಮಾರು 25ರಿಂದ 30 ಸೆಂಟಿಮೀಟರ್‌ಗೆ ಸರಿಯುತ್ತದೆ, ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ಒಂದು ಮೀಟರ್ ಆಗಿರುತ್ತದೆ. ಮಸೂರವೇ ಗಟ್ಟಿಯಾಗಿರುವಾಗ ಕಣ್ಣಿನ ವ್ಯಾಯಾಮದಿಂದಾಗಲಿ, ಕ್ಯಾರೆಟ್ ತಿನ್ನುವುದರಿಂದಾಗಲಿ ಅದು ಮತ್ತೆ ಮೆತ್ತಗಾಗುವುದಿಲ್ಲ. ಕನ್ನಡಕ ಹಾಕಿದ್ದರಿಂದ ಪವರ್ ಬೇಗ ಏರುತ್ತದೆ ಎಂಬ ಮಾತಿಗೂ ಆಧಾರವಿಲ್ಲ. ಹಾಕಿದರೂ ಬಿಟ್ಟರೂ ಅದು ತನ್ನ ಗತಿಯಲ್ಲಿ ಏರುತ್ತದೆ.

ಕನ್ನಡ ಓದುವವರಿಗೆ ಇದರ ಮೊದಲ ಸುಳಿವು ಸಾಮಾನ್ಯವಾಗಿ ಮಹಾಪ್ರಾಣಗಳಲ್ಲಿ ಸಿಗುತ್ತದೆ. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು ಮಾತ್ರ. ರ ಮತ್ತು ಠ ನಡುವೆ ಇರುವುದು ಒಂದು ಚುಕ್ಕೆ. ಸಣ್ಣ ಅಚ್ಚಿನಲ್ಲಿ ಇವು ಒಂದೇ ಆಗಿ ಕಾಣತೊಡಗಿದರೆ, ಒತ್ತಕ್ಷರಗಳು ಮೇಲಿನ ಅಕ್ಷರಕ್ಕೆ ಅಂಟಿಕೊಂಡಂತೆ ತೋರಿದರೆ, ಸಂಜೆಯ ಬೆಳಕಿನಲ್ಲಿ ಅಕ್ಕಿ ಆರಿಸುವಾಗ ಕಲ್ಲು ಕಣ್ತಪ್ಪಿದರೆ, ಮಾತ್ರೆಯ ಪಟ್ಟಿಯ ಮೇಲಿನ ತಾರೀಖನ್ನು ಓದಲು ಕೈಯನ್ನು ದೂರ ಚಾಚಬೇಕಾಗಿ ಬಂದರೆ, ಪರೀಕ್ಷೆಗೆ ಹೋಗುವ ಕಾಲ ಬಂದಿದೆ ಎಂದು ತಿಳಿಯಬೇಕು.

ಪರೀಕ್ಷೆಗೆ ಹೋಗುವ ಮೊದಲು ಟೇಪು ಹಿಡಿಯಿರಿ

ಹೊಸ ಕನ್ನಡಕ ಹೊಂದದಿರಲು ಒಂದು ದೊಡ್ಡ ಕಾರಣ, ನಾವು ದಿನವಿಡೀ ಎಷ್ಟು ದೂರದಲ್ಲಿ ಏನನ್ನು ನೋಡುತ್ತೇವೆ ಎಂಬುದನ್ನು ಪರೀಕ್ಷಿಸುವವರಿಗೆ ಹೇಳದೆ ಇರುವುದು ಎಂದು ನಾನು ಬಲವಾಗಿ ನಂಬಿದ್ದೇನೆ. ಓದುವ ಪವರ್ ಅನ್ನು ಸಾಮಾನ್ಯವಾಗಿ 40 ಸೆಂಟಿಮೀಟರ್ ದೂರವನ್ನು ಇಟ್ಟುಕೊಂಡು ನಿರ್ಧರಿಸುತ್ತಾರೆ. ಆದರೆ ದರ್ಜಿಯೊಬ್ಬರು ಹೊಲಿಗೆಯನ್ನು, ಅಕ್ಕಸಾಲಿಗರು ಆಭರಣವನ್ನು ಇನ್ನೂ ಹತ್ತಿರದಿಂದ ನೋಡುತ್ತಾರೆ. ಕಂಪ್ಯೂಟರ್ ಪರದೆ 60ರಿಂದ 70 ಸೆಂಟಿಮೀಟರ್ ದೂರದಲ್ಲಿರುತ್ತದೆ. ನೆಲದ ಮೇಲೆ ಕುಳಿತು ವ್ಯಾಸಪೀಠದಲ್ಲಿಟ್ಟ ಪುಸ್ತಕವನ್ನು ಓದುವವರ ದೂರವೇ ಬೇರೆ. ಲೆಕ್ಕ ಸರಳವಾಗಿದೆ: 100ನ್ನು ಸೆಂಟಿಮೀಟರ್‌ಗಳಿಂದ ಭಾಗಿಸಿದರೆ ಆ ದೂರಕ್ಕೆ ಬೇಕಾದ ಒಟ್ಟು ಶಕ್ತಿ, ಕನ್ನಡಕದ ಪವರ್ ಅಳೆಯುವ ಮಾನವಾದ ಡಯಾಪ್ಟರ್‌ಗಳಲ್ಲಿ ಸಿಗುತ್ತದೆ. 40ಕ್ಕೆ 2.5, 65ಕ್ಕೆ ಸುಮಾರು 1.5. ಇದರಲ್ಲಿ ಸ್ವಲ್ಪ ಭಾಗವನ್ನು ಕಣ್ಣು ಇನ್ನೂ ತಾನೇ ಒದಗಿಸಬಲ್ಲದಾದ್ದರಿಂದ ಉಳಿದದ್ದನ್ನು ಮಾತ್ರ ಕನ್ನಡಕ ತುಂಬುತ್ತದೆ. ಈ ಕಾರಣಕ್ಕೇ ನಲವತ್ತೈದರವರಿಗೆ ಒಂದು ಒಂದೂವರೆ ಸಾಲುತ್ತದೆ, ಅರವತ್ತರವರಿಗೆ ಎರಡೂವರೆಯ ಹತ್ತಿರ ಬೇಕಾಗುತ್ತದೆ.

ಹೀಗಾಗಿ ಮನೆಯಲ್ಲೇ ಟೇಪು ಹಿಡಿದು, ನೀವು ನಿಜವಾಗಿ ಕೂರುವ ಭಂಗಿಯಲ್ಲೇ ಕುಳಿತು, ಮೂಗಿನ ಬುಡದಿಂದ ಪುಸ್ತಕಕ್ಕೆ, ಪರದೆಗೆ, ಹೊಲಿಗೆ ಯಂತ್ರದ ಸೂಜಿಗೆ ಎಷ್ಟು ದೂರ ಎಂದು ಅಳೆದು ಚೀಟಿಯಲ್ಲಿ ಬರೆದುಕೊಳ್ಳಿ. ಜೊತೆಗೆ ನೀವು ದಿನವೂ ಓದುವ ಪತ್ರಿಕೆಯನ್ನೋ ಪಂಚಾಂಗವನ್ನೋ ಕೈಚೀಲದಲ್ಲಿ ಇಟ್ಟುಕೊಳ್ಳಿ. ಪರೀಕ್ಷಾ ಕೋಣೆಯಲ್ಲಿ ಕೊಡುವ ಇಂಗ್ಲಿಷ್ ಅಕ್ಷರಗಳ ಹಾಳೆಯನ್ನು ಸರಾಗವಾಗಿ ಓದಿದ ಪವರ್, ಒತ್ತು ಕೊಂಬುಗಳಿರುವ ಕನ್ನಡದ ಸಣ್ಣ ಅಚ್ಚಿಗೆ ಸಾಲದೆ ಹೋಗಬಹುದು. ಪರೀಕ್ಷೆಗೆಂದು ಮಸೂರ ಬದಲಿಸಿ ಕೂರಿಸುವ ಟ್ರಯಲ್ ಫ್ರೇಮ್ ಹಾಕಿರುವಾಗಲೇ ನಿಮ್ಮ ಪತ್ರಿಕೆಯನ್ನು ನಿಮ್ಮ ದೂರದಲ್ಲಿ ಹಿಡಿದು ಓದಿ ನೋಡಿ. ಆಮೇಲೆ ಎದ್ದು ನಾಲ್ಕು ಹೆಜ್ಜೆ ನಡೆದೂ ನೋಡಿ. ಹಳೆಯ ಕನ್ನಡಕಗಳನ್ನೂ ಹಳೆಯ ಚೀಟಿಗಳನ್ನೂ ಒಯ್ಯುವುದು ಅಷ್ಟೇ ಮುಖ್ಯ, ಏಕೆಂದರೆ ಒಮ್ಮೆಲೇ ದೊಡ್ಡ ಬದಲಾವಣೆ ಮಾಡಬೇಕೋ ಎರಡು ಹಂತದಲ್ಲಿ ಮಾಡಬೇಕೋ ಎಂದು ಅವುಗಳನ್ನು ನೋಡಿಯೇ ತೀರ್ಮಾನಿಸಬೇಕಾಗುತ್ತದೆ.

ಚೀಟಿಯನ್ನು ಓದುವುದು

ಚೀಟಿಯಲ್ಲಿ ಎರಡೂ ಕಣ್ಣಿಗೆ ಬೇರೆಬೇರೆಯಾಗಿ ಎಸ್‌ಪಿಎಚ್, ಸಿವೈಎಲ್, ಆಕ್ಸಿಸ್ ಎಂಬ ಕಲಮುಗಳಿರುತ್ತವೆ, ಕೆಳಗೆ ಆಡ್ ಎಂದಿರುತ್ತದೆ. ಮೊದಲನೆಯದು ದೂರದ ಪವರ್. ಎರಡನೆಯದು ಕಣ್ಣಿನ ಮೇಲ್ಮೈ ಒಂದು ದಿಕ್ಕಿನಲ್ಲಿ ಹೆಚ್ಚು ಬಾಗಿರುವುದನ್ನು ಸರಿಪಡಿಸುವ ಸಿಲಿಂಡರ್ ಪವರ್. ಮೂರನೆಯದು ಆ ಸಿಲಿಂಡರ್ ಯಾವ ಕೋನದಲ್ಲಿ ಕೂರಬೇಕು ಎಂಬುದು. ಆಡ್ ಎಂದರೆ ಓದಲು ದೂರದ ಪವರ್‌ಗೆ ಎಷ್ಟು ಕೂಡಿಸಬೇಕು ಎಂಬ ಸಂಖ್ಯೆ. ದೂರಕ್ಕೆ +0.50 ಇದ್ದು ಆಡ್ +1.75 ಎಂದಿದ್ದರೆ ಓದುವ ಪವರ್ +2.25 ಆಯಿತು. ದೂರಕ್ಕೆ −2.00 ಇದ್ದು ಆಡ್ +2.00 ಇದ್ದರೆ ಓದುವ ಪವರ್ ಸೊನ್ನೆ, ಅಂದರೆ ಅಂಥವರು ಕನ್ನಡಕ ತೆಗೆದರೇ ಚೆನ್ನಾಗಿ ಓದಬಲ್ಲರು. ಮೈನಸ್ ಪವರ್‌ನ ಎಷ್ಟೋ ಜನ ಐವತ್ತರಲ್ಲೂ ತಮಗೆ ಚಾಳೀಸು ಬಂದಿಲ್ಲ ಎಂದು ಹೇಳುವುದಕ್ಕೆ ಇದೇ ಕಾರಣ. ಬಂದಿದೆ, ಅವರ ಮೈನಸ್ ಅದನ್ನು ಮುಚ್ಚಿಕೊಂಡಿದೆ.

ಯಾವ ಬಗೆಯ ಮಸೂರ ಯಾರಿಗೆ

ದೂರಕ್ಕೆ ಏನೂ ಬೇಡದೆ, ದಿನಕ್ಕೆ ಗಂಟೆ ಎರಡು ಗಂಟೆ ಓದುವವರಿಗೆ ಓದುವ ಕನ್ನಡಕವೊಂದೇ ಸಾಕು. ಅಂಗಡಿಯಲ್ಲಿ ಸಿದ್ಧವಾಗಿ ಸಿಗುವ ಅಗ್ಗದ ಕನ್ನಡಕಗಳಲ್ಲಿ ಎರಡೂ ಕಣ್ಣಿಗೆ ಒಂದೇ ಪವರ್ ಇರುತ್ತದೆ, ಸಿಲಿಂಡರ್ ಇರುವುದಿಲ್ಲ. ಎರಡೂ ಕಣ್ಣು ಸಮವಾಗಿರುವವರಿಗೆ ಅವು ಹಾನಿಯೇನೂ ಮಾಡುವುದಿಲ್ಲ. ಉಳಿದವರಿಗೆ ತಲೆನೋವು ತರಬಹುದು. ಓದುವ ಕನ್ನಡಕ ಹಾಕಿಕೊಂಡು ಎದ್ದು ನಡೆಯಬಾರದು ಎಂಬುದೊಂದೇ ಇಲ್ಲಿ ಕಲಿಯಬೇಕಾದ ಶಿಸ್ತು.

ದೂರಕ್ಕೂ ಹತ್ತಿರಕ್ಕೂ ಬೇಕಾದವರಿಗೆ ಹಳೆಯ ಪರಿಹಾರ, ಮೇಲ್ಭಾಗ ದೂರಕ್ಕೂ ಕೆಳಭಾಗ ಓದಲೂ ಇರುವ ಬೈಫೋಕಲ್. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ 1780ರ ದಶಕದಲ್ಲೇ ತಮ್ಮ ಇಬ್ಭಾಗದ ಕನ್ನಡಕದ ಬಗ್ಗೆ ಪತ್ರಗಳಲ್ಲಿ ಬರೆದಿದ್ದರು. ನಮ್ಮ ಅಂಗಡಿಗಳಲ್ಲಿ ಕೆಳಭಾಗದ ಓದುವ ಕಿಟಕಿ ದುಂಡಗಿರುವುದನ್ನು ಕೆಟಿ ಅಥವಾ ಕ್ರಿಪ್ಟಾಕ್ ಎಂದೂ, ಮೇಲಂಚು ಚಪ್ಪಟೆಯಾಗಿರುವುದನ್ನು ಡಿ ಬೈಫೋಕಲ್ ಎಂದೂ ಕರೆಯುತ್ತಾರೆ. ಡಿ ಬಗೆಯಲ್ಲಿ ದೃಷ್ಟಿ ಗೆರೆ ದಾಟುವಾಗ ಚಿತ್ರ ಜಿಗಿಯುವುದು ಕಡಿಮೆ, ಆದ್ದರಿಂದ ಹೊಸಬರಿಗೆ ನಾನು ಅದನ್ನೇ ಸೂಚಿಸುತ್ತೇನೆ. ಗೆರೆ ಕಾಣುತ್ತದೆ ಎಂಬ ಸಂಕೋಚದಿಂದ ಬೈಫೋಕಲ್ ಅನ್ನು ತಳ್ಳಿಹಾಕುವುದು ನನಗೆ ಸರಿ ಕಾಣುವುದಿಲ್ಲ. ಗಂಟೆಗಟ್ಟಲೆ ಪುಸ್ತಕ ಓದಿ, ಕಂಪ್ಯೂಟರ್ ಮುಟ್ಟದವರಿಗೆ ಅದರ ಅಗಲವಾದ ಓದುವ ಕಿಟಕಿ ಬಹಳ ನೆಮ್ಮದಿ ಕೊಡುತ್ತದೆ. ಅದರ ಕೊರತೆ ನಡುವಣ ದೂರದಲ್ಲಿದೆ: ಆಡ್ ಎರಡರ ಹತ್ತಿರ ಬಂದವರಿಗೆ ತೋಳಳತೆಯ ಪರದೆ, ಒಲೆಯ ಮೇಲಿನ ಪಾತ್ರೆ ಎರಡೂ ಭಾಗದಲ್ಲಿ ಮಸುಕಾಗುತ್ತವೆ. ಕಿರಾಣಿ ಅಂಗಡಿಯವರು, ಗ್ರಂಥಾಲಯದವರು, ತಲೆಯ ಮೇಲಿನ ತಂತಿ ನೋಡುವ ಎಲೆಕ್ಟ್ರಿಷಿಯನ್ನರು ಹತ್ತಿರದ್ದನ್ನು ತಲೆಯೆತ್ತಿ ನೋಡಬೇಕಾಗಿರುವುದರಿಂದ, ಕೆಳಗಿರುವ ಕಿಟಕಿ ಅವರ ಕೆಲಸಕ್ಕೆ ಬರುವುದಿಲ್ಲ. ಅಂಥವರು ಆ ಕೆಲಸಕ್ಕೆಂದೇ ಒಂದೇ ಪವರ್‌ನ ಇನ್ನೊಂದು ಕನ್ನಡಕ ಇಟ್ಟುಕೊಳ್ಳುವುದು ಮೇಲು.

ದಿನಕ್ಕೆ ಏಳೆಂಟು ಗಂಟೆ ಪರದೆಯ ಮುಂದೆ ಕೂರುವವರಿಗೆ, ಪರದೆಯಿಂದ ಪುಸ್ತಕದವರೆಗಿನ ದೂರವನ್ನು ಮಾತ್ರ ಅಗಲವಾಗಿ ತೋರಿಸುವ ಆಫೀಸ್ ಮಸೂರಗಳಿವೆ. ಕತ್ತುನೋವಿನಿಂದ ಬಳಲುವವರಿಗೆ ಇವು ನಿಜಕ್ಕೂ ಉಪಕಾರಿ, ಆದರೆ ಇವನ್ನು ಹಾಕಿಕೊಂಡು ವಾಹನ ಓಡಿಸಬಾರದು.

ಪ್ರೋಗ್ರೆಸಿವ್: ಹೆಚ್ಚು ಎಚ್ಚರ ಬೇಡುವ ಮಸೂರ

ಗೆರೆಯಿಲ್ಲದೆ ಮೇಲಿನಿಂದ ಕೆಳಕ್ಕೆ ಪವರ್ ಸ್ವಲ್ಪಸ್ವಲ್ಪವಾಗಿ ಏರುವ ಮಸೂರವನ್ನು ಫ್ರಾನ್ಸಿನ ಬರ್ನಾರ್ ಮೈತನಾಜ್ ರೂಪಿಸಿ, ಅದು 1959ರಲ್ಲಿ ವ್ಯಾರಿಲಕ್ಸ್ ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದಿತು. ಇದರಲ್ಲಿ ದೂರ, ನಡು, ಹತ್ತಿರ ಮೂರೂ ಉಂಟು. ಆದರೆ ಹೀಗೆ ಪವರ್ ಏರಿಸುವಾಗ ಮಸೂರದ ಎರಡೂ ಪಕ್ಕಗಳಲ್ಲಿ ಚಿತ್ರ ತಿರುಚಿ ಕಾಣುವ ಜಾಗ ಹುಟ್ಟದೆ ಇರಲು ಸಾಧ್ಯವಿಲ್ಲ. ಇದು ತಯಾರಿಕೆಯ ದೋಷವಲ್ಲ, ಬೆಳಕಿನ ಗಣಿತದ ನಿಯಮ. ದುಬಾರಿ ವಿನ್ಯಾಸಗಳು ಆ ಜಾಗವನ್ನು ಹಂಚಿ ಮೃದುವಾಗಿಸುತ್ತವೆ, ಅಳಿಸಲಾರವು. ಆಡ್ ಹೆಚ್ಚಿದಷ್ಟೂ ಪಕ್ಕದ ತಿರುಚುವಿಕೆ ಹೆಚ್ಚು. ಆದ್ದರಿಂದ ಪ್ರೋಗ್ರೆಸಿವ್ ಹಾಕುವ ಮನಸ್ಸಿದ್ದವರು ಆಡ್ ಒಂದು ಒಂದೂಕಾಲು ಇರುವಾಗಲೇ ಶುರು ಮಾಡಿದರೆ ಸುಲಭವಾಗಿ ಹೊಂದುತ್ತಾರೆ. ಎರಡೂವರೆಗೆ ಬಂದ ಮೇಲೆ ಮೊದಲ ಸಲ ಹಾಕುವವರು ಹೆಚ್ಚು ಕಷ್ಟಪಡುತ್ತಾರೆ.

ಚೌಕಟ್ಟಿನ ಆಯ್ಕೆ ಇಲ್ಲಿ ಅಲಂಕಾರದ ಮಾತಲ್ಲ. ಕಣ್ಣಪಾಪೆಯ ನಡುವಿನಿಂದ ಚೌಕಟ್ಟಿನ ಕೆಳ ಅಂಚಿಗೆ ಸುಮಾರು 18 ಮಿಲಿಮೀಟರ್ ಇದ್ದರೆ ಒಳ್ಳೆಯದು. ತೀರ ಸಪೂರದ ಚೌಕಟ್ಟು ಆರಿಸಿದರೆ ಓದುವ ಭಾಗವೇ ಕತ್ತರಿಸಿ ಹೋಗುತ್ತದೆ. ಚೌಕಟ್ಟನ್ನು ಮೊದಲು ಮೂಗಿಗೂ ಕಿವಿಗೂ ಸರಿಯಾಗಿ ಕೂರಿಸಿ, ಆಮೇಲೆ ಅಳತೆ ತೆಗೆಯಬೇಕು. ಮೂಗಿನ ನಡುವಿನಿಂದ ಪ್ರತಿ ಕಣ್ಣಪಾಪೆಗೆ ಎಷ್ಟು ದೂರ ಎಂಬುದನ್ನು ಬೇರೆಬೇರೆಯಾಗಿ ಅಳೆಯಬೇಕು, ಏಕೆಂದರೆ ಬಹಳ ಜನರಲ್ಲಿ ಎಡಬಲ ಸಮವಾಗಿರುವುದಿಲ್ಲ. ಎತ್ತರವನ್ನು ನೀವು ನೇರ ನಿಂತು ಅಥವಾ ಕುಳಿತು, ಸಹಜವಾಗಿ ಎದುರು ನೋಡುತ್ತಿರುವಾಗ ಗುರುತು ಹಾಕಬೇಕು. ಇದಾವುದನ್ನೂ ಮಾಡದೆ ಚೀಟಿ ಮಾತ್ರ ನೋಡಿ ಪ್ರೋಗ್ರೆಸಿವ್ ಮಾಡಿಕೊಡುತ್ತೇವೆ ಎನ್ನುವ ಅಂಗಡಿಯಿಂದ ದಯವಿಟ್ಟು ಎದ್ದು ಬನ್ನಿ.

ಮಸೂರ ತಯಾರಾಗಿ ಬಂದಾಗ ಅದರ ಮೇಲೆ ಬಣ್ಣದ ಗುರುತುಗಳಿರುತ್ತವೆ. ಅವನ್ನು ಒರೆಸುವ ಮೊದಲೇ ಹಾಕಿಕೊಂಡು, ಅಲ್ಲಿರುವ ಕೂಡಿಸುವ ಚಿಹ್ನೆಯಂಥ (+) ಗುರುತು ನಿಮ್ಮ ಕಣ್ಣಪಾಪೆಯ ನಡುವಿಗೆ ಬರುತ್ತದೆಯೇ ಎಂದು ಎದುರಿನವರಿಂದ ನೋಡಿಸಿಕೊಳ್ಳಿ. ಒರೆಸಿದ ಮೇಲೂ ಪರೀಕ್ಷಿಸುವ ದಾರಿಯುಂಟು: ಮಸೂರದ ಮೇಲೆ ಬಾಯಿಯ ಆವಿ ಹಾಕಿ ಬೆಳಕಿಗೆ ಹಿಡಿದರೆ, ಅಡ್ಡಲಾಗಿ 34 ಮಿಲಿಮೀಟರ್ ಅಂತರದಲ್ಲಿ ಎರಡು ಅತಿ ಸಣ್ಣ ಕೊರೆತಗಳು ಕಾಣುತ್ತವೆ. ಕಿವಿಯ ಕಡೆಯ ಗುರುತಿನ ಕೆಳಗೆ ಸಾಮಾನ್ಯವಾಗಿ ಆಡ್ ಎಷ್ಟೆಂದು ಕೊರೆದಿರುತ್ತದೆ. ಅದು ನಿಮ್ಮ ಚೀಟಿಗೆ ಹೊಂದುತ್ತದೆಯೇ ಎಂದು ನೀವೇ ನೋಡಬಹುದು.

ಮೊದಲ ಎರಡು ವಾರ

ಹೊಸ ಕನ್ನಡಕವನ್ನು ಬೆಳಿಗ್ಗೆ ಎದ್ದ ಕೂಡಲೇ ಹಾಕಿಕೊಳ್ಳಿ, ದಿನದ ನಡುವೆ ಹಳೆಯದಕ್ಕೆ ಮರಳಬೇಡಿ. ಮಿದುಳು ಹೊಸ ಚಿತ್ರವನ್ನು ಸಹಜವೆಂದು ಒಪ್ಪಲು ಅದೇ ಚಿತ್ರ ಎಡೆಬಿಡದೆ ಸಿಗಬೇಕು. ಗಂಟೆಗೊಮ್ಮೆ ಹಳೆಯದು, ಗಂಟೆಗೊಮ್ಮೆ ಹೊಸದು ಎಂದರೆ ಕಲಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತದೆ. ಮೊದಲ ದಿನ ಮನೆಯೊಳಗೇ ಇರಿ. ಅಭ್ಯಾಸವಾಗುವವರೆಗೆ ಸ್ಕೂಟರ್, ಕಾರು ಓಡಿಸಬೇಡಿ.

ಓದುವಾಗ ತಲೆಯನ್ನು ಅಲುಗಿಸದೆ ಕಣ್ಣನ್ನು ಮಾತ್ರ ಕೆಳಗಿಳಿಸಬೇಕು. ಪಕ್ಕಕ್ಕೆ ನೋಡಬೇಕಾದಾಗ ಇದಕ್ಕೆ ತದ್ವಿರುದ್ಧ: ಮೂಗು ಎತ್ತಲೋ ನೋಟವೂ ಅತ್ತ ಎಂಬಂತೆ ತಲೆಯನ್ನೇ ತಿರುಗಿಸಬೇಕು. ಪತ್ರಿಕೆಯ ಅಗಲವಾದ ಪುಟವನ್ನು ಓದುವಾಗ ಒಂದು ಅಂಕಣದಿಂದ ಇನ್ನೊಂದಕ್ಕೆ ಮುಖವನ್ನೇ ಸರಿಸಿ ಅಭ್ಯಾಸ ಮಾಡಿದರೆ ಈ ಚಲನೆ ಬೇಗ ಮೈಗೂಡುತ್ತದೆ. ರಸ್ತೆ ದಾಟುವಾಗ, ವಾಹನದ ಕನ್ನಡಿ ನೋಡುವಾಗ ಇದೇ ಅಭ್ಯಾಸ ಪ್ರಾಣ ಕಾಯುತ್ತದೆ.

ಮೆಟ್ಟಿಲಿನ ವಿಷಯದಲ್ಲಿ ಮಾತ್ರ ಬೈಫೋಕಲ್ ಹಾಗೂ ಪ್ರೋಗ್ರೆಸಿವ್ ಎರಡನ್ನೂ ನಂಬಬೇಡಿ. ಇಳಿಯುವಾಗ ಕಣ್ಣನ್ನು ಮಾತ್ರ ಕೆಳಗೆ ಹಾಯಿಸಿದರೆ, ಒಂದೂವರೆ ಮೀಟರ್ ದೂರದ ಮೆಟ್ಟಿಲನ್ನು 40 ಸೆಂಟಿಮೀಟರ್‌ಗೆಂದು ಮಾಡಿದ ಕಿಟಕಿಯಿಂದ ನೋಡಿದಂತಾಗುತ್ತದೆ. ಅಂಚು ಮಸುಕಾಗಿ, ಇರುವುದಕ್ಕಿಂತ ಹತ್ತಿರ ತೋರಿ ಹೆಜ್ಜೆ ತಪ್ಪುತ್ತದೆ. ಗದ್ದವನ್ನು ಎದೆಯ ಕಡೆಗೆ ಬಾಗಿಸಿ, ಮಸೂರದ ಮೇಲ್ಭಾಗದಿಂದ ಮೆಟ್ಟಿಲನ್ನು ನೋಡಬೇಕು, ಕೈ ಕಟಕಟೆಯ ಮೇಲಿರಬೇಕು. ಇಂಥ ಕನ್ನಡಕ ಧರಿಸುವ ವೃದ್ಧರು ಮೆಟ್ಟಿಲುಗಳಲ್ಲಿ ಮತ್ತು ಹೊರಗಿನ ಅಪರಿಚಿತ ಜಾಗಗಳಲ್ಲಿ ಹೆಚ್ಚು ಬೀಳುತ್ತಾರೆ ಎಂಬುದನ್ನು ಅಧ್ಯಯನಗಳೂ ತೋರಿಸಿವೆ. ಮನೆಯಲ್ಲಿ ಎಪ್ಪತ್ತು ದಾಟಿದವರಿದ್ದರೆ, ನಡೆದಾಡಲು ದೂರದ ಪವರ್ ಮಾತ್ರ ಇರುವ ಕನ್ನಡಕವೊಂದನ್ನು ಬೇರೆಯಾಗಿ ಮಾಡಿಸಿಕೊಡಿ, ಹೊಸ್ತಿಲ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ.

ಸಿಲಿಂಡರ್ ಪವರ್ ಮೊದಲ ಸಲ ಬಂದವರಿಗೆ ಅಥವಾ ಅದರ ಕೋನ ಬದಲಾದವರಿಗೆ ನೆಲ ಓರೆಯಾದಂತೆ, ಬಾಗಿಲ ಚೌಕಟ್ಟು ವಾಲಿದಂತೆ ಕಾಣುವುದು ಸಾಮಾನ್ಯ; ಒಂದೆರಡು ವಾರದಲ್ಲಿ ಅದು ಸರಿಹೋಗುತ್ತದೆ. ಮೈನಸ್ ಹೆಚ್ಚಿದವರಿಗೆ ವಸ್ತುಗಳು ಚಿಕ್ಕದಾಗಿಯೂ, ಪ್ಲಸ್ ಹೆಚ್ಚಿದವರಿಗೆ ದೊಡ್ಡದಾಗಿಯೂ ಕಾಣುತ್ತವೆ. ಹೊಸ ಮಸೂರ ಗಟ್ಟಿ ಪ್ಲಾಸ್ಟಿಕ್ ಆದ ಪಾಲಿಕಾರ್ಬೊನೇಟ್‌ನದಾಗಿದ್ದರೆ ಅಂಚಿನಲ್ಲಿ ದೀಪಗಳ ಸುತ್ತ ಬಣ್ಣದ ಗೆರೆ ಕಾಣಬಹುದು. ಅದು ಆ ಪದಾರ್ಥದ ಗುಣ. ತುಂಬ ಕಿರಿಕಿರಿಯಾದರೆ ಮುಂದಿನ ಸಲ ಬೇರೆ ಪದಾರ್ಥ ಕೇಳಿ. ನೀಲಿ ಬೆಳಕನ್ನು ತಡೆಯುವ ಬ್ಲೂ ಕಟ್ ಲೇಪನಕ್ಕೆ ಹೆಚ್ಚು ದುಡ್ಡು ಕೊಡಬೇಕೇ ಎಂದು ಬಹಳ ಜನ ಕೇಳುತ್ತಾರೆ: ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2023ರ ವಿಮರ್ಶೆ, ಪರದೆಯಿಂದಾಗುವ ಕಣ್ಣಿನ ಆಯಾಸವನ್ನು ಅದು ಅಲ್ಪಾವಧಿಯಲ್ಲಿ ಕಡಿಮೆ ಮಾಡುವಂತೆ ಕಾಣುವುದಿಲ್ಲ ಎಂದು ಹೇಳಿದೆ. ಆ ಹಣವನ್ನು ಬೆಳಕಿನ ಪ್ರತಿಫಲನ ತಗ್ಗಿಸುವ ಒಳ್ಳೆಯ ಆಂಟಿ ಗ್ಲೇರ್ ಲೇಪನಕ್ಕೆ ಹಾಕುವುದು ಲೇಸು.

ಅಭ್ಯಾಸದ ಕೊರತೆಯೋ, ಮಾಡಿದವರ ತಪ್ಪೋ

ನನ್ನ ಮೊದಲ ಪ್ರೋಗ್ರೆಸಿವ್‌ನಲ್ಲಿ ಎದುರು ಬರುವ ಬಸ್ಸಿನ ಫಲಕ ಮಸುಕಾಗಿತ್ತು, ಗದ್ದ ಬಾಗಿಸಿದರೆ ಮಾತ್ರ ಸ್ಪಷ್ಟವಾಗುತ್ತಿತ್ತು. ಅಂಗಡಿಯವರು ಅಭ್ಯಾಸವಾಗುತ್ತದೆ ಎಂದರು, ನಾನು ತಿಂಗಳುಗಟ್ಟಲೆ ತಲೆ ತಗ್ಗಿಸಿ ನಡೆದೆ. ಕೊನೆಗೆ ಬೇರೆ ಕಡೆ ತೋರಿಸಿದಾಗ, ಅಳತೆ ತೆಗೆದ ನಂತರ ಚೌಕಟ್ಟನ್ನು ಬದಲಿಸಿದ್ದರಿಂದ ಮಸೂರ ನಾಲ್ಕು ಮಿಲಿಮೀಟರ್ ಮೇಲೆ ಕೂತಿದೆ ಎಂದು ಗೊತ್ತಾಯಿತು. ಯಾವ ಅಭ್ಯಾಸವೂ ಅದನ್ನು ಸರಿಪಡಿಸುತ್ತಿರಲಿಲ್ಲ.

ಆದ್ದರಿಂದ ಲಕ್ಷಣಗಳನ್ನು ಬಿಡಿಸಿ ನೋಡಬೇಕು. ಪಕ್ಕದಲ್ಲಿ ಅಲೆಯಾಡಿದಂತಾಗುವುದು, ನೆಲ ಓರೆಯಾಗುವುದು, ಲಘು ತಲೆನೋವು ದಿನದಿಂದ ದಿನಕ್ಕೆ ಕಡಿಮೆಯಾಗುತ್ತಿದ್ದರೆ ಅದು ಕಲಿಕೆ, ತಾಳ್ಮೆಯಿಂದಿರಿ. ನೇರ ಎದುರಿನದು ಗದ್ದ ತಗ್ಗಿಸಿದರೆ ಮಾತ್ರ ಸ್ಪಷ್ಟವಾದರೆ ಮಸೂರ ಎತ್ತರದಲ್ಲಿ ಕೂತಿದೆ. ಓದಲು ಗದ್ದವನ್ನು ತೀರ ಮೇಲೆತ್ತಬೇಕಾದರೆ ಕೆಳಗೆ ಕೂತಿದೆ, ಅಥವಾ ಚೌಕಟ್ಟು ಮೂಗಿನಿಂದ ಜಾರಿದೆ. ಕರಾವಳಿಯ ಬೆವರಿನಲ್ಲಿ, ಹೆಲ್ಮೆಟ್ ಹಾಕಿ ತೆಗೆಯುವಾಗ ಕಡ್ಡಿಗಳು ಸಡಿಲಗೊಂಡು ಹೀಗಾಗುವುದುಂಟು. ಅಂಗಡಿಯಲ್ಲಿ ಐದು ನಿಮಿಷದಲ್ಲಿ ಬಿಗಿ ಮಾಡಿಕೊಡುತ್ತಾರೆ. ಓದುವಾಗ ಪುಸ್ತಕವನ್ನು ಒಂದು ಪಕ್ಕಕ್ಕೆ ಸರಿಸಿದರೆ ಮಾತ್ರ ಸ್ಪಷ್ಟವಾದರೆ ಪಾಪೆಗಳ ಅಳತೆ ತಪ್ಪಿರಬಹುದು. ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದು ಕಣ್ಣಿನಲ್ಲಿ ಮಾತ್ರ ಮಸುಕು ಉಳಿದಿದ್ದರೆ ಪವರ್ ಅಥವಾ ಕೋನವನ್ನು ಮತ್ತೆ ಅಳೆಸಬೇಕು. ಎರಡು ವಾರ ಬಿಡದೆ ಹಾಕಿಯೂ ಸುಧಾರಣೆ ಕಾಣದಿದ್ದರೆ ಸಂಕೋಚವಿಲ್ಲದೆ ಕನ್ನಡಕವನ್ನು ಹಿಂದಕ್ಕೆ ಒಯ್ದು, ಯಾವಾಗ ಏನು ಕಾಣುವುದಿಲ್ಲ ಎಂದು ನಿಖರವಾಗಿ ಹೇಳಿ. ಕನ್ನಡಕ ಕೊಳ್ಳುವಾಗಲೇ ಹೊಂದದಿದ್ದರೆ ಬದಲಿಸಿ ಕೊಡುವ ಅವಧಿ ಎಷ್ಟೆಂದು ಕೇಳಿ, ರಸೀತಿಯ ಮೇಲೆ ಬರೆಸಿಕೊಂಡಿರಬೇಕು.

ಪವರ್ ಬದಲಾಗುವುದಕ್ಕೆ ಬೇರೆ ಕಾರಣವಿದ್ದಾಗ

ಅರವತ್ತಾರನೆಯ ವಯಸ್ಸಿನಲ್ಲಿ ನಮ್ಮ ತಾಯಿ ಒಂದು ದಿನ ಕನ್ನಡಕವಿಲ್ಲದೆ ಪಂಚಾಂಗ ಓದಿದರು. ಮನೆಯವರೆಲ್ಲ ಸಂತೋಷಪಟ್ಟೆವು. ಆದರೆ ಅದು ಪೊರೆ ಬೆಳೆಯುತ್ತಿದ್ದುದರ ಸೂಚನೆಯಾಗಿತ್ತು: ಮಸೂರದ ನಡುಭಾಗ ದಟ್ಟವಾದಾಗ ಕಣ್ಣು ಮೈನಸ್ ಕಡೆಗೆ ಸರಿದು, ಸ್ವಲ್ಪ ಕಾಲ ಹತ್ತಿರದ್ದು ಚೆನ್ನಾಗಿ, ದೂರದ್ದು ಮಸುಕಾಗಿ ಕಾಣುತ್ತದೆ. ಇಂಥ ಹೊತ್ತಿನಲ್ಲಿ ದುಬಾರಿ ಪ್ರೋಗ್ರೆಸಿವ್ ಮಾಡಿಸಿದರೆ ಆರು ತಿಂಗಳಲ್ಲಿ ಅದು ನಿರುಪಯೋಗಿಯಾಗಬಹುದು. ಊರೂರುಗಳಲ್ಲಿ ಸಾಮೂಹಿಕ ಶಿಬಿರ ನಡೆಸಿದ ಡಾ. ಎಂ. ಸಿ. ಮೋದಿಯವರ ಕಾಲದಲ್ಲಿ ಪೊರೆ ತೆಗೆಸಿಕೊಂಡವರಿಗೆ +10ರ ಆಸುಪಾಸಿನ ದಪ್ಪ ಗಾಜಿನ ಕನ್ನಡಕ ಬೇಕಾಗುತ್ತಿತ್ತು. ಈಗ ಕಣ್ಣಿನೊಳಗೇ ಕೃತಕ ಮಸೂರ ಕೂರಿಸುತ್ತಾರೆ. ಅದು ಒಂದೇ ದೂರದ್ದಾಗಿದ್ದು ದೂರಕ್ಕೆ ಹೊಂದಿಸಿದ್ದರೆ ಓದುವ ಕನ್ನಡಕ ಬೇಕೇ ಬೇಕು. ಅದನ್ನು ನೋಡಿ ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಭಾವಿಸಬಾರದು. ಗಾಯ ಮಾಗಿ ಪವರ್ ನೆಲೆಗೊಳ್ಳಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು, ಕನ್ನಡಕವನ್ನು ಆಮೇಲೆ ಮಾಡಿಸಿ. ಒಂದೇ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಎರಡು ಕಣ್ಣಿನ ಪವರ್‌ಗಳ ಅಂತರ ಬಹಳ ಹೆಚ್ಚಾದಾಗ ಕನ್ನಡಕದಿಂದ ಎರಡು ಅಳತೆಯ ಚಿತ್ರಗಳು ಕಾಣುವುದರಿಂದ, ಇನ್ನೊಂದು ಕಣ್ಣಿನ ಬಗ್ಗೆ ನೇತ್ರತಜ್ಞರೊಡನೆ ಬೇಗ ಮಾತನಾಡಬೇಕು.

ಸಕ್ಕರೆ ಕಾಯಿಲೆ ಇರುವವರಲ್ಲಿ ರಕ್ತದ ಸಕ್ಕರೆ ಏರಿಳಿದಾಗ ಕಣ್ಣಿನ ಪವರ್ ಕೂಡ ಏರಿಳಿಯುತ್ತದೆ. ಹೊಸದಾಗಿ ಔಷಧಿ ಆರಂಭಿಸಿದವರು ಸಕ್ಕರೆ ಕೆಲವು ವಾರ ಒಂದೇ ಮಟ್ಟದಲ್ಲಿ ನಿಂತ ಮೇಲೆಯೇ ಕನ್ನಡಕದ ಪವರ್ ಅಳೆಸಬೇಕು, ವರ್ಷಕ್ಕೊಮ್ಮೆ ಅಕ್ಷಿಪಟಲದ ಪರೀಕ್ಷೆಯನ್ನೂ ತಪ್ಪದೆ ಮಾಡಿಸಬೇಕು. ಉಳಿದವರೂ ನಲವತ್ತು ದಾಟಿದ ಮೇಲೆ ಎರಡು ವರ್ಷಕ್ಕೊಮ್ಮೆಯಾದರೂ ಅಂಗಡಿಯ ಯಂತ್ರಕ್ಕೆ ಮಾತ್ರ ಕಣ್ಣು ತೋರಿಸದೆ, ಕಣ್ಣಿನ ಒತ್ತಡವನ್ನೂ ನರವನ್ನೂ ನೋಡಬಲ್ಲ ವೈದ್ಯರ ಬಳಿ ಹೋಗಬೇಕು. ತಂದೆತಾಯಿಗೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದವರಿಗೆ ಇದು ಇನ್ನೂ ಅಗತ್ಯ. ನೇರವಾದ ಕಿಟಕಿ ಸರಳು ಒಂದು ಕಣ್ಣಿಗೆ ಮಾತ್ರ ಬಾಗಿ ಕಂಡರೆ, ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಒಮ್ಮೆಲೇ ಹೆಚ್ಚಿದರೆ, ನೋಟಕ್ಕೆ ಪರದೆ ಇಳಿಬಿಟ್ಟಂತಾದರೆ, ಒಂದು ವಸ್ತು ಎರಡಾಗಿ ಕಾಣತೊಡಗಿದರೆ, ನೋವಿನೊಡನೆ ಕಣ್ಣು ಕೆಂಪಾಗಿ ಮಸುಕಾದರೆ, ಅದಕ್ಕೆ ಯಾವ ಕನ್ನಡಕವೂ ಪರಿಹಾರವಲ್ಲ. ಅದೇ ದಿನ ಕಣ್ಣಿನ ಆಸ್ಪತ್ರೆಗೆ ಹೋಗಬೇಕು. ಪರೀಕ್ಷೆಗಾಗಿ ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಹತ್ತಿರದ್ದು ಕಾಣದು, ಬಿಸಿಲು ಚುಚ್ಚುತ್ತದೆ. ಆ ದಿನ ಜೊತೆಗೆ ಯಾರನ್ನಾದರೂ ಕರೆದೊಯ್ಯಿರಿ, ವಾಹನ ಓಡಿಸಬೇಡಿ, ಹೊಸ ಕನ್ನಡಕ ಹೇಗಿದೆ ಎಂಬ ತೀರ್ಮಾನವನ್ನು ಮಾರನೆಯ ದಿನಕ್ಕೆ ಬಿಡಿ.